ಗೇರ್ ಕಾರಿಗೆ ರಿಮೋಟ್ ಸ್ಟಾರ್ಟರ್: ಇಳಿಜಾರಿನ ಊರಲ್ಲಿ ಸುರಕ್ಷಿತವಾಗಿ ಜೋಡಿಸುವ ಕ್ರಮ

ಡಿಸೆಂಬರ್ ಬಂತೆಂದರೆ ಮಡಿಕೇರಿ, ಸೋಮವಾರಪೇಟೆ, ಸಿದ್ದಾಪುರದ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಬೆಳಗ್ಗೆ ಗಾಜಿನ ಮೇಲೆಲ್ಲ ಇಬ್ಬನಿ ಕೂತಿರುತ್ತದೆ, ಮನೆಯೊಳಗಿಂದಲೇ ಕಾರು ಸ್ಟಾರ್ಟ್ ಮಾಡುವ ರಿಮೋಟ್ ಹಾಕಿಸಬಹುದಾ? ಆಟೋಮ್ಯಾಟಿಕ್ ಕಾರಾದರೆ ಉತ್ತರ ಸುಲಭ. ಅದರಲ್ಲಿ ಗೇರ್ ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇಲ್ಲದಿದ್ದರೆ ಸೆಲ್ಫ್ ಹೊಡೆಯುವುದೇ ಇಲ್ಲ. ಗೇರ್ ಕಾರಿನಲ್ಲಿ, ಅಂದರೆ ಮ್ಯಾನುಯಲ್ ಗಾಡಿಯಲ್ಲಿ, ಹೆಚ್ಚಿನವಕ್ಕೆ ಈ ಕಾವಲು ಇಲ್ಲ. ಮೊದಲ ಗೇರಿನಲ್ಲಿ ನಿಂತ ಗಾಡಿಗೆ ಸೆಲ್ಫ್ ಕೊಟ್ಟರೆ ಅದು ಜಿಗಿದು ಮುಂದೆ ಹೋಗುತ್ತದೆ. ಎಂಜಿನ್ ಹತ್ತಿಕೊಂಡರೆ ಹೋಗುತ್ತಲೇ ಇರುತ್ತದೆ, ಒಳಗೆ ಡ್ರೈವರ್ ಇಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಇಲ್ಲಿ ಗಾಡಿ ನಿಲ್ಲಿಸುವವರು ಏರಿನಲ್ಲಿ ಮೊದಲ ಗೇರ್, ಇಳಿಜಾರಿನಲ್ಲಿ ರಿವರ್ಸ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೊಂದು ಕಲ್ಲು ಕೊಟ್ಟು ಇಳಿಯುತ್ತಾರೆ. ಅದು ಸರಿಯಾದ ಅಭ್ಯಾಸ. ಆದರೆ ರಿಮೋಟ್ ಸ್ಟಾರ್ಟರ್ ಕೇಳುವುದು ಇದಕ್ಕೆ ಪೂರಾ ವಿರುದ್ಧ: ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಗಾಡಿಯನ್ನು ಹಿಡಿದು ನಿಲ್ಲಿಸುವ ಹೊಣೆ ಹ್ಯಾಂಡ್ ಬ್ರೇಕ್ ಒಂದರ ಮೇಲೇ ಇರಬೇಕು. ಹಾಗಾಗಿ ಈ ಕೆಲಸ ವೈರಿನಿಂದಲ್ಲ, ಹ್ಯಾಂಡ್ ಬ್ರೇಕಿನಿಂದ ಶುರುವಾಗುತ್ತದೆ. ನಿಮ್ಮ ಗಾಡಿ ದಿನಾ ನಿಲ್ಲುವ ಜಾಗ ಕಣದ ಹಾಗೆ ಸಮತಟ್ಟಾಗಿ ಇಲ್ಲದಿದ್ದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಡ. ರಿಮೋಟ್ ಆಸೆ ಬಿಟ್ಟು ಗೇರಿನಲ್ಲೇ ನಿಲ್ಲಿಸಿ.

ಯಾವ ಗಾಡಿಗೆ ಹಾಕಲೇಬಾರದು

ಹಳೆಯ ಡೀಸೆಲ್ ಜೀಪುಗಳಲ್ಲಿ ಎಂಜಿನ್ ನಿಲ್ಲಿಸಲು ಒಂದು ನಾಬ್ ಎಳೆಯಬೇಕು, ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ಇಂಥ ಗಾಡಿಗೆ ರಿಮೋಟ್ ಬೇಡವೇ ಬೇಡ. ಅಪಾಯ ಕಂಡ ಕೂಡಲೇ ಇಗ್ನಿಷನ್ ಕರೆಂಟ್ ಕಡಿದು ಎಂಜಿನ್ ನಿಲ್ಲಿಸುವುದೇ ಕಿಟ್‌ನ ಸುರಕ್ಷತೆಯ ಬುಡ. ಕರೆಂಟ್ ಕಡಿದರೂ ಓಡುವ ಎಂಜಿನ್ ಮುಂದೆ ಆ ಸುರಕ್ಷತೆಗೆ ಬೆಲೆಯಿಲ್ಲ. ಚೋಕ್ ಎಳೆದು ಆಕ್ಸಿಲರೇಟರ್ ತುಳಿದು ಎಬ್ಬಿಸಬೇಕಾದ ಕಾರ್ಬ್ಯುರೇಟರ್ ಕಾರಿಗೂ ಬೇಡ.

ಪುಶ್ ಬಟನ್ ಸ್ಟಾರ್ಟ್ ಇರುವ ಗಾಡಿಗಳ ಜೋಡಣೆಯೇ ಬೇರೆ. ಅದಕ್ಕೆ ಆ ಮಾಡೆಲ್‌ಗೆಂದೇ ಮಾಡಿದ ಕಿಟ್ ಬೇಕು. ಇಲ್ಲಿ ಹೇಳುವುದು ಕೀ ತಿರುಗಿಸಿ ಸ್ಟಾರ್ಟ್ ಮಾಡುವ, ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಮತ್ತು ಕಾಮನ್ ರೈಲ್ ಡೀಸೆಲ್ ಕಾರುಗಳ ವಿಷಯ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳಬೇಕು. ಎಂದರೆ ಗೋಣಿಕೊಪ್ಪ ಪೇಟೆಯ ರಸ್ತೆಬದಿಯಲ್ಲಿ ರಿಮೋಟ್ ಒತ್ತುವಂತಿಲ್ಲ. ಇದು ಮನೆಯಂಗಳಕ್ಕೆ ಮಾತ್ರ. ವಾರಂಟಿ ಬಾಕಿ ಇದ್ದರೆ ವೈರಿಗೆ ಕೈಹಾಕುವ ಮೊದಲು ಶೋರೂಮಿನಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಬೇಕಾಗುವ ಸಾಮಾನು

ಮುಖ್ಯವಾದದ್ದು ಕಿಟ್. ಅದರ ಪುಸ್ತಕದಲ್ಲಿ ಮ್ಯಾನುಯಲ್ ಟ್ರಾನ್ಸ್‌ಮಿಷನ್ ಮೋಡ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹ್ಯಾಂಡ್ ಬ್ರೇಕ್, ಫುಟ್ ಬ್ರೇಕ್, ಬಾನೆಟ್, ಬಾಗಿಲು, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಇವು ಐದಕ್ಕೂ ಬೇರೆ ಬೇರೆ ಇನ್‌ಪುಟ್ ವೈರ್ ಇರಬೇಕು. ಒಂದು ಇಲ್ಲದಿದ್ದರೂ ಆ ಕಿಟ್ ಬೇಡ. ಅಗ್ಗದ ಕಿಟ್‌ಗಳಲ್ಲಿ ಮೊದಲು ಕೈಬಿಟ್ಟಿರುವುದು ಬಾನೆಟ್ ಮತ್ತು ಆರ್‌ಪಿಎಂ ವೈರುಗಳನ್ನೇ. ಸಿಮ್ ಹಾಕಿ ಬೆಂಗಳೂರಿನಿಂದಲೂ ಸ್ಟಾರ್ಟ್ ಮಾಡಬಹುದು ಎನ್ನುವ ಕಿಟ್‌ಗಳನ್ನು ಗೇರ್ ಕಾರಿಗೆ ತರಲೇಬೇಡಿ. ಗಾಡಿ ಕಣ್ಣಿಗೆ ಕಾಣದಿದ್ದರೆ ಬಟನ್ ಒತ್ತಬಾರದು.

ಉಳಿದವು:
- ಇಮ್ಮೊಬಿಲೈಸರ್ ಬೈಪಾಸ್ ಮಾಡ್ಯೂಲ್ 1 (ಕೀಯೊಳಗೆ ಚಿಪ್ ಇರುವ ಗಾಡಿಗೆ)
- 12 ವೋಲ್ಟ್ 40 ಆಂಪಿಯರ್ ರಿಲೇ, ಸಾಕೆಟ್ ಸಮೇತ 2 (ಸಣ್ಣ ಕರೆಂಟ್ ಕೊಟ್ಟರೆ ತಾನೇ ಸೇರುವ ಸ್ವಿಚ್)
- ಬ್ಲೇಡ್ ಫ್ಯೂಸ್ ಹೋಲ್ಡರ್ 2, ಜೊತೆಗೆ 30 ಮತ್ತು 20 ಆಂಪಿಯರ್ ಫ್ಯೂಸ್‌ಗಳು
- ಗಾಡಿಗೆ ಹಾಕುವ ವೈರ್: 4 ಚದರ ಮಿ.ಮೀ. 3 ಮೀಟರ್, 2.5 ಚದರ ಮಿ.ಮೀ. 4 ಮೀಟರ್, 0.75 ಚದರ ಮಿ.ಮೀ. 10 ಮೀಟರ್
- 1ಎನ್4007 ಡಯೋಡ್ 8 (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ)
- ಬಾನೆಟ್ ಪಿನ್ ಸ್ವಿಚ್ 1, ರೀಡ್ ಸ್ವಿಚ್ ಮತ್ತು ಮ್ಯಾಗ್ನೆಟ್ 1 ಜೊತೆ, ಸಣ್ಣ ಟಾಗಲ್ ಸ್ವಿಚ್ 1
- ಹೀಟ್ ಶ್ರಿಂಕ್ ಸ್ಲೀವ್, ಬಟ್ಟೆಯ ವೈರಿಂಗ್ ಟೇಪ್, ಕೇಬಲ್ ಟೈ, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್

ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬಳಸಬೇಡಿ. ಅದು ಎಳೆಯುವ ಕರೆಂಟಿಗೆ ಕಂಪ್ಯೂಟರ್ ವೈರುಗಳು ಹಾಳಾಗಬಹುದು, ಏರ್‌ಬ್ಯಾಗ್ ವೈರಿಗೆ ತಗುಲಿದರೆ ಬ್ಯಾಗ್ ಸಿಡಿಯಲೂಬಹುದು.

1. ಮೊದಲು ಹ್ಯಾಂಡ್ ಬ್ರೇಕ್

ನಿಮ್ಮ ಅಂಗಳಕ್ಕಿಂತ ಹೆಚ್ಚು ಇಳಿಜಾರಿರುವ, ಮುಂದೆ ಹಿಂದೆ ಯಾರೂ ಇಲ್ಲದ ಜಾಗ ಆರಿಸಿ. ಕೂತೇ ಇರಿ. ಫುಟ್ ಬ್ರೇಕ್ ಒತ್ತಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ನಿಧಾನವಾಗಿ ಎತ್ತಿ. ಗಾಡಿ ಒಂದಿಂಚೂ ಜಾರಬಾರದು. ಗಾಡಿಯ ಮೂತಿ ಮೇಲಕ್ಕೆ ಮಾಡಿ ಒಮ್ಮೆ, ಕೆಳಕ್ಕೆ ಮಾಡಿ ಒಮ್ಮೆ ನೋಡಿ. ಲಿವರ್ ಎಷ್ಟು ಕ್ಲಿಕ್ ಬರಬೇಕೆಂದು ಗಾಡಿಯ ಪುಸ್ತಕದಲ್ಲಿದೆ. ಅದಕ್ಕಿಂತ ಹೆಚ್ಚು ಬಂದರೆ ಕೇಬಲ್ ಸಡಿಲಾಗಿದೆ ಅಥವಾ ಲೈನರ್ ಸವೆದಿದೆ. ಮಳೆಗಾಲವಿಡೀ ತೋಟದ ಕೆಸರಿನಲ್ಲಿ ಓಡಿದ ಗಾಡಿಯ ಹಿಂದಿನ ಡ್ರಮ್ ಬಿಚ್ಚಿ ಸ್ವಚ್ಛ ಮಾಡಿಸದೆ ಈ ಪರೀಕ್ಷೆಯನ್ನು ನಂಬಬೇಡಿ.

ಒಂದು ಮಾತು ಚೆನ್ನಾಗಿ ನೆನಪಿರಲಿ. ಲಿವರ್ ಒಂದು ಕ್ಲಿಕ್ ಮೇಲೆದ್ದರೆ ಸಾಕು, ಹ್ಯಾಂಡ್ ಬ್ರೇಕ್ ಲೈಟ್ ಹತ್ತುತ್ತದೆ. ಕಿಟ್‌ಗೆ ಗೊತ್ತಾಗುವುದೂ ಅಷ್ಟೇ. ಲಿವರ್ ಎದ್ದಿದೆ ಎಂದು ಅದಕ್ಕೆ ತಿಳಿಯುತ್ತದೆ, ಚಕ್ರ ಹಿಡಿದಿದೆಯೇ ಎಂದು ತಿಳಿಯುವುದಿಲ್ಲ.

2. ಕೀ ಕೆಳಗಿನ ವೈರುಗಳನ್ನು ಗುರುತಿಸುವುದು

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಸ್ಟಿಯರಿಂಗ್ ಕೆಳಗಿನ ಕವರ್ ತೆಗೆಯಿರಿ. ಹಳದಿ ಕನೆಕ್ಟರ್, ಹಳದಿ ಸ್ಲೀವ್ ಇರುವುದೆಲ್ಲ ಏರ್‌ಬ್ಯಾಗಿನದು. ಅದನ್ನು ಮುಟ್ಟುವುದು, ಎಳೆಯುವುದು, ಅಳೆಯುವುದು ಯಾವುದೂ ಬೇಡ. ಕವರ್ ತೆಗೆದಾದ ಮೇಲೆ ಬ್ಯಾಟರಿ ಮತ್ತೆ ಜೋಡಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ಅಳೆಯಲು ಶುರು ಮಾಡಿ.

ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬರಿ ಲೋಹಕ್ಕೆ ಹಿಡಿಯಿರಿ, ಕೆಂಪು ಕಡ್ಡಿಯನ್ನು ಒಂದೊಂದೇ ವೈರಿಗೆ ತಾಗಿಸಿ. ಕೀ ಆಫ್ ಇದ್ದರೂ 12 ವೋಲ್ಟ್ ತೋರಿಸಿದರೆ ಅದು ಬ್ಯಾಟರಿ ವೈರ್. ಕೀ ಆನ್ ಮಾಡಿದಾಗ 12 ಬಂದು, ಸೆಲ್ಫ್ ಹೊಡೆಯುವಾಗಲೂ ಹೋಗದೆ ಉಳಿದರೆ ಇಗ್ನಿಷನ್. ಎಸಿಸಿ (ಆನ್‌ಗೆ ಮೊದಲು ಬರುವ ಕೀ ಸ್ಥಾನ) ಮತ್ತು ಆನ್ ಎರಡರಲ್ಲೂ ಬಂದು, ಸೆಲ್ಫ್ ಹೊಡೆಯುವಾಗ ಸೊನ್ನೆಗಿಳಿದರೆ ಆಕ್ಸೆಸರಿ. ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಮಾತ್ರ 12 ಬರುವುದು ಸ್ಟಾರ್ಟರ್ ವೈರ್. ಕೆಲವು ಗಾಡಿಗಳಲ್ಲಿ ಎರಡನೇ ಇಗ್ನಿಷನ್ ವೈರ್ ಇರುತ್ತದೆ, ಆನ್‌ನಲ್ಲಿ ಮಾತ್ರ ಬರುತ್ತದೆ. ಬ್ಲೋವರ್ ಅದರ ಮೇಲಿರಬಹುದು. ಇದನ್ನು ಜೋಡಿಸದೆ ಬಿಟ್ಟರೆ ಎಂಜಿನ್ ಓಡುತ್ತದೆ, ಆದರೆ ಗಾಜಿಗೆ ಗಾಳಿ ಬರುವುದಿಲ್ಲ. ಇಬ್ಬನಿ ತೆಗೆಯಲೆಂದೇ ರಿಮೋಟ್ ಹಾಕಿಸಿದವರಿಗೆ ಆಮೇಲೆ ಪೇಚಾಟ.

ಬಣ್ಣ ನೋಡಿ ಜೋಡಿಸಬೇಡಿ. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಬಣ್ಣವೂ ಬದಲಾಗುತ್ತದೆ. ಗುರುತಿಸಿದ ಪ್ರತಿ ವೈರಿಗೂ ಟೇಪ್ ಸುತ್ತಿ ಪೆನ್ನಿನಲ್ಲಿ ಹೆಸರು ಬರೆಯಿರಿ.

3. ಪವರ್, ಅರ್ತ್ ಮತ್ತು ಜಾಯಿಂಟ್

ಈಗ ಬ್ಯಾಟರಿ ನೆಗೆಟಿವ್ ಮತ್ತೆ ಬಿಚ್ಚಿ. ಕಿಟ್‌ನ ಮುಖ್ಯ ಪವರನ್ನು ಕೀ ಕೆಳಗಿನ ವೈರಿನಿಂದ ಕದಿಯದೆ ಬ್ಯಾಟರಿಯಿಂದಲೇ ತನ್ನಿ. 4 ಚದರ ಮಿ.ಮೀ. ವೈರಿಗೆ 30 ಆಂಪಿಯರ್ ಫ್ಯೂಸ್, ಎರಡನೇ ಪವರ್ ವೈರ್ ಇದ್ದರೆ 2.5 ಚದರ ಮಿ.ಮೀ.ಗೆ 20 ಆಂಪಿಯರ್. ಫ್ಯೂಸ್ ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೇ ಇರಬೇಕು. ದೂರ ಇಟ್ಟರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲ. ತಗಡು ಉಜ್ಜಿ ಶಾರ್ಟ್ ಆದರೆ ಬೆಂಕಿ. ಎಂಜಿನ್ ಕಡೆಯಿಂದ ಒಳಗೆ ತರುವಾಗ ರಬ್ಬರ್ ಗ್ರಾಮೆಟ್ ಇರುವ ತೂತಿನಲ್ಲೇ ತನ್ನಿ.

ಅರ್ತ್ ವೈರಿಗೆ ಬಾಡಿಯ ಪೇಂಟ್ ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ.

ವೈರ್ ಕಡಿಯದೆ ಚುಚ್ಚಿ ಕೂರುವ ಪ್ಲಾಸ್ಟಿಕ್ ಕ್ಲಿಪ್‌ಗಳು ಬೇಗ ಕೆಲಸ ಮುಗಿಸುತ್ತವೆ. ನಮ್ಮ ಜೂನ್‌ನಿಂದ ಸೆಪ್ಟೆಂಬರಿನ ಥಂಡಿಗೆ ಅವುಗಳೊಳಗೆ ಹಸಿರು ಕಿಲುಬು ಹಿಡಿದು ಮುಂದಿನ ವರ್ಷದೊಳಗೆ ತೊಂದರೆ ಶುರು. ಮೂಲ ವೈರಿನ ಹೊದಿಕೆಯನ್ನು ಅರ್ಧ ಇಂಚು ಸುಲಿದು, ಎಳೆಗಳ ನಡುವೆ ಹೊಸ ವೈರ್ ತೂರಿಸಿ ಸುತ್ತಿ, ಸೋಲ್ಡರ್ ಮಾಡಿ, ಟೇಪ್ ಸುತ್ತಿ, ಎರಡೂ ಬದಿ ಕೇಬಲ್ ಟೈ ಹಾಕಿ. ಸೋಲ್ಡರ್ ಮಾಡಿದ ಜಾಗ ಅಲ್ಲಾಡುವಂತಿದ್ದರೆ ಅದೇ ಅಂಚಿನಲ್ಲಿ ವೈರ್ ಮುರಿಯುತ್ತದೆ.

4. ಕ್ಲಚ್ ಸ್ವಿಚ್

ಕ್ಲಚ್ ತುಳಿಯದೆ ಸೆಲ್ಫ್ ಹೊಡೆಯದ ಗಾಡಿ ನಿಮ್ಮದಾದರೆ ಪೆಡಲ್ ಮೇಲೆ ಒಂದು ಸ್ವಿಚ್ ಇದೆ. ರಿಮೋಟ್‌ನಿಂದ ಸ್ಟಾರ್ಟ್ ಆಗಬೇಕಾದರೆ ಅದನ್ನು ದಾಟಬೇಕು. ಹೆಚ್ಚು ತಪ್ಪು ನಡೆಯುವುದು ಇಲ್ಲೇ: ಸ್ವಿಚ್‌ನ ಎರಡು ವೈರುಗಳನ್ನು ಶಾಶ್ವತವಾಗಿ ಸೇರಿಸಿ ಟೇಪ್ ಸುತ್ತಿಬಿಡುವುದು. ಆಮೇಲೆ ಕೀಯಿಂದ ಸ್ಟಾರ್ಟ್ ಮಾಡುವಾಗಲೂ ಕಂಪನಿ ಕೊಟ್ಟ ಕಾವಲು ಇರುವುದಿಲ್ಲ. ಮಗು ಕೀ ತಿರುಗಿಸಿದರೂ ಗಾಡಿ ಜಿಗಿಯುತ್ತದೆ.

ಸರಿಯಾದ ದಾರಿ ರಿಲೇ. ಸ್ವಿಚ್‌ನ ಎರಡು ವೈರುಗಳಿಗೆ ಅಡ್ಡಲಾಗಿ ರಿಲೇಯ 30 ಮತ್ತು 87ನೇ ಪಿನ್‌ಗಳನ್ನು ಜೋಡಿಸಿ. 86ಕ್ಕೆ ಫ್ಯೂಸ್ ಇರುವ 12 ವೋಲ್ಟ್ ಕೊಡಿ. ಕಿಟ್ ಕೆಲಸ ಮಾಡುತ್ತಿರುವಾಗ ಮಾತ್ರ ನೆಗೆಟಿವ್ ಕೊಡುವ ಒಂದು ತೆಳು ವೈರ್ ಇರುತ್ತದೆ, ಅದು 85ಕ್ಕೆ. ಈಗ ರಿಮೋಟ್ ಸ್ಟಾರ್ಟ್ ಆಗುವ ಹೊತ್ತಿಗೆ ಮಾತ್ರ ಕ್ಲಚ್ ತುಳಿದಂತೆ ಗಾಡಿಗೆ ಕಾಣುತ್ತದೆ, ಉಳಿದ ಹೊತ್ತು ಸ್ವಿಚ್ ಎಂದಿನಂತೆ ಕೆಲಸ ಮಾಡುತ್ತದೆ. ಸ್ವಿಚ್‌ನಿಂದ ಎರಡಕ್ಕಿಂತ ಹೆಚ್ಚು ವೈರ್ ಬಂದಿದ್ದರೆ ಅದು ಎಂಜಿನ್ ಕಂಪ್ಯೂಟರಿಗೂ ಸುದ್ದಿ ಕೊಡುತ್ತಿದೆ ಎಂದರ್ಥ. ಆ ಮಾಡೆಲ್‌ನ ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ಮುಟ್ಟಬೇಡಿ.

5. ಕಾವಲು ವೈರುಗಳು

ಇಡೀ ಕೆಲಸದಲ್ಲಿ ಅರ್ಧ ಹೊತ್ತನ್ನು ಇದಕ್ಕೆ ಕೊಡಿ. ಪ್ರತಿ ವೈರ್ ಜೋಡಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ವೈರ್ ನಾಳೆ ತುಂಡಾದರೆ ಗಾಡಿ ಸ್ಟಾರ್ಟ್ ಆಗುತ್ತದೋ, ಆಗುವುದಿಲ್ಲವೋ?

ಹ್ಯಾಂಡ್ ಬ್ರೇಕ್ ವೈರ್ ತುಂಡಾದರೆ ಲಿವರ್ ಎಳೆದಿಲ್ಲ ಎಂದು ತಿಳಿದು ಕಿಟ್ ಸುಮ್ಮನಿರುತ್ತದೆ. ಒಳ್ಳೆಯದು. ಆದರೆ ಇಲ್ಲೊಂದು ಗುಪ್ತ ಅಪಾಯವಿದೆ. ಅನೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಲೈಟಿಗೂ ಬ್ರೇಕ್ ಆಯಿಲ್ ಕಮ್ಮಿಯಾದರೆ ಹತ್ತುವ ಲೈಟಿಗೂ ಒಂದೇ ವೈರ್. ಡ್ಯಾಶ್‌ಬೋರ್ಡ್ ಹಿಂದೆ ಆ ವೈರನ್ನು ಹಿಡಿದರೆ, ಬ್ರೇಕ್ ಆಯಿಲ್ ಇಳಿದಾಗ ಕಿಟ್ ಅದನ್ನೇ ಹ್ಯಾಂಡ್ ಬ್ರೇಕ್ ಎಳೆದಿದೆ ಎಂದುಕೊಳ್ಳುತ್ತದೆ. ಬ್ರೇಕ್ ಕೆಟ್ಟಿರುವಾಗಲೇ ಗಾಡಿ ಸ್ಟಾರ್ಟ್! ಇದನ್ನು ತಪ್ಪಿಸಲು ಲಿವರ್ ಬುಡದ ಸ್ವಿಚ್ ಹತ್ತಿರವೇ ವೈರ್ ಕಡಿದು ನಡುವೆ ಡಯೋಡ್ ಹಾಕಿ. ಡಯೋಡಿನ ಬೆಳ್ಳಿ ಗೆರೆ ಸ್ವಿಚ್ ಕಡೆಗಿರಲಿ. ಕಿಟ್‌ನ ವೈರನ್ನು ಡಯೋಡ್ ಮತ್ತು ಸ್ವಿಚ್ ನಡುವೆ ಸೇರಿಸಿ. ಹಾಕಿದ ಮೇಲೆ ಲೈಟ್ ಎಂದಿನಂತೆ ಹತ್ತಿ ಆರುತ್ತದೆಯೇ ನೋಡಿ. ಹತ್ತದಿದ್ದರೆ ಡಯೋಡ್ ತೆಗೆದು ವೈರ್ ಮೊದಲಿನಂತೆ ಸೇರಿಸಿ, ಲಿವರ್ ಬುಡಕ್ಕೆ ಕಿಟ್‌ಗೆಂದೇ ಬೇರೆ ಸಣ್ಣ ಸ್ವಿಚ್ ಕೂರಿಸಿ.

ಇದೇ ವೈರಿನಲ್ಲಿ ಇನ್ನೊಂದು ಕಾವಲು ಸೇರಿಸಿ. ಗೇರ್ ಲಿವರ್ ಬುಡಕ್ಕೆ ಮ್ಯಾಗ್ನೆಟ್, ಅದರೆದುರು ಕನ್ಸೋಲ್ ಒಳಗೆ ರೀಡ್ ಸ್ವಿಚ್. ಮ್ಯಾಗ್ನೆಟ್ ಹತ್ತಿರ ಬಂದಾಗ ಮಾತ್ರ ಈ ಸ್ವಿಚ್ ಸೇರುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿ ನಿಂತಾಗ ಮಾತ್ರ ಸೇರುವಂತೆ, ಯಾವ ಗೇರಿಗೆ ಹಾಕಿದರೂ ಬಿಡುವಂತೆ ಜಾಗ ಹೊಂದಿಸಿ. ರಿವರ್ಸ್ ಸಮೇತ ಎಲ್ಲ ಗೇರುಗಳನ್ನೂ ಹಾಕಿ ಮೀಟರಿನಲ್ಲಿ ನೋಡಿ. ಇದನ್ನು ಕಿಟ್‌ನ ಹ್ಯಾಂಡ್ ಬ್ರೇಕ್ ವೈರಿನ ನಡುವೆ ಸರಣಿಯಲ್ಲಿ ಸೇರಿಸಿದರೆ, ಹ್ಯಾಂಡ್ ಬ್ರೇಕ್ ಮೇಲೆದ್ದಿದ್ದು ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಕಿಟ್‌ಗೆ ಒಪ್ಪಿಗೆ ಸಿಗುತ್ತದೆ. ಪುಸ್ತಕದಲ್ಲಿ ಇದು ಇರುವುದಿಲ್ಲ, ಆದರೂ ಬಿಡಬೇಡಿ.

ಬಾಗಿಲು ಮತ್ತು ಬಾನೆಟ್ ಸ್ವಿಚ್‌ಗಳದ್ದು ಉಲ್ಟಾ ಕಥೆ. ತೆರೆದಾಗ ನೆಗೆಟಿವ್ ಕೊಡುವ ಸ್ವಿಚ್‌ಗಳಿವು. ವೈರ್ ತುಂಡಾದರೂ, ಪಿನ್ ತುಕ್ಕು ಹಿಡಿದರೂ ಬಾಗಿಲು ಮುಚ್ಚಿಯೇ ಇದೆ ಎಂದು ಕಿಟ್ ನಂಬಿ ಕೂರುತ್ತದೆ. ಹಾಗಾಗಿ ಇವುಗಳ ಜಾಯಿಂಟ್ ಅತ್ಯಂತ ಗಟ್ಟಿಯಾಗಿರಬೇಕು. ಡ್ರೈವರ್ ಬಾಗಿಲಿಗೆ ಮಾತ್ರ ಜೋಡಿಸಿ ಮುಗಿಸಬೇಡಿ. ನಾಲ್ಕೂ ಬಾಗಿಲು, ಡಿಕ್ಕಿಯೂ ಬೇಕು. ಪ್ರತಿ ಸ್ವಿಚ್‌ಗೆ ಒಂದು ಡಯೋಡ್, ಬೆಳ್ಳಿ ಗೆರೆ ಸ್ವಿಚ್ ಕಡೆಗೆ. ಇನ್ನೊಂದು ತುದಿಗಳೆಲ್ಲ ಒಂದಾಗಿ ಕಿಟ್‌ಗೆ. ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಮೆಲ್ಲಗೆ ಆರುವ ಗಾಡಿಯಾದರೆ ದೀಪದ ವೈರಿನಿಂದ ತೆಗೆಯದೆ ಸ್ವಿಚ್‌ನಿಂದಲೇ ತೆಗೆಯಿರಿ.

ಫುಟ್ ಬ್ರೇಕ್ ವೈರನ್ನು ಪೆಡಲ್ ಮೇಲಿನ ಸ್ವಿಚ್‌ನಲ್ಲಿ, ತುಳಿದಾಗ 12 ವೋಲ್ಟ್ ಬರುವ ಕಡೆಯಿಂದ ಹಿಡಿಯಿರಿ.

6. ಆರ್‌ಪಿಎಂ ವೈರ್

ಎಂಜಿನ್ ಹತ್ತಿತೋ ಇಲ್ಲವೋ ಎಂದು ಕಿಟ್ ತಿಳಿಯುವುದು ಇದರಿಂದ. ಪೆಟ್ರೋಲ್ ಕಾರಿನಲ್ಲಿ ಒಂದು ಇಂಜೆಕ್ಟರಿನ ಅಥವಾ ಇಗ್ನಿಷನ್ ಕಾಯಿಲ್‌ನ ಸಿಗ್ನಲ್ ವೈರಿನಲ್ಲಿ ಸಿಗುತ್ತದೆ. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ. ಐಡಲ್‌ನಲ್ಲಿ ಕಮ್ಮಿಯಿದ್ದು ಆಕ್ಸಿಲರೇಟರ್ ಕೊಟ್ಟಂತೆ ಏರಿದರೆ ಅದೇ ವೈರ್. ಆಲ್ಟರ್ನೇಟರಿನಲ್ಲಿ ‘ಡಬ್ಲ್ಯೂ’ ಎಂಬ ಟರ್ಮಿನಲ್ ಇರುವ ಡೀಸೆಲ್ ಗಾಡಿಗಳಲ್ಲಿ ಅಲ್ಲಿಂದ ತೆಗೆಯಬಹುದು. ಈ ವೈರ್ ಬಿಟ್ಟು ‘ಒಂದು ಸೆಕೆಂಡ್ ಸೆಲ್ಫ್ ಹೊಡಿ’ ಎಂಬ ಟೈಮರ್ ಸೆಟ್ಟಿಂಗ್ ಹಾಕುವವರಿದ್ದಾರೆ. ಚಳಿಗೆ ಎಂಜಿನ್ ಹತ್ತದೇ ಉಳಿಯುತ್ತದೆ, ಬೆಚ್ಚಗಿದ್ದಾಗ ಹತ್ತಿದ ಮೇಲೂ ಸೆಲ್ಫ್ ಉಜ್ಜುತ್ತದೆ. ಡೀಸೆಲ್ ಆದರೆ ಗ್ಲೋ ಪ್ಲಗ್ ಬಿಸಿಯಾಗಲು ಸೆಲ್ಫ್‌ಗೆ ಮೊದಲು ಕಾಯುವ ಸೆಟ್ಟಿಂಗ್ ಕೂಡ ಹಾಕಿ.

7. ಇಮ್ಮೊಬಿಲೈಸರ್

ಕೀಯೊಳಗಿನ ಚಿಪ್ ಹತ್ತಿರ ಇಲ್ಲದೆ ಎಂಜಿನ್ ಓಡದು. ಎರಡನೇ ಕೀಯನ್ನೇ ಡ್ಯಾಶ್‌ಬೋರ್ಡ್ ಒಳಗೆ ಪೆಟ್ಟಿಗೆಯಲ್ಲಿಡುವ ಬೈಪಾಸ್ ಅಗ್ಗದ್ದು. ಆದರೆ ಗಾಡಿಯೊಳಗೇ ಕೀ ಇದ್ದಂತಾಯಿತು, ಕಳ್ಳತನವಾದರೆ ಕ್ಲೇಮ್‌ಗೂ ತಕರಾರು ಬರಬಹುದು. ನಿಮ್ಮ ಮಾಡೆಲ್‌ಗೆ ಡೇಟಾ ಬೈಪಾಸ್ (ಕೀ ಒಳಗಿಡದೆ ಗಾಡಿಯ ಕಂಪ್ಯೂಟರಿಗೆ ವೈರಿನಲ್ಲೇ ಸಂಕೇತ ಕೊಡುವ ಮಾಡ್ಯೂಲ್) ಸಿಗುವುದಾದರೆ ಅದನ್ನೇ ಹಾಕಿ.

8. ರೆಡಿ ಮೋಡ್: ಇದನ್ನು ಮನೆಯವರೆಲ್ಲ ಕಲಿಯಬೇಕು

ಮ್ಯಾನುಯಲ್ ಕಿಟ್‌ನ ಜಾಣತನ ಇದರಲ್ಲಿದೆ. ಗಾಡಿ ನಿಲ್ಲಿಸುವಾಗ ಎಂಜಿನ್ ಓಡುತ್ತಿರಲಿ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಪೆಡಲ್‌ಗಳಿಂದ ಕಾಲು ತೆಗೆದು, ಪುಸ್ತಕದಲ್ಲಿ ಹೇಳಿದ ರಿಮೋಟ್ ಬಟನ್ ಒತ್ತಿ. ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಇಳಿದು ಎಲ್ಲ ಬಾಗಿಲು ಮುಚ್ಚಿ ಲಾಕ್ ಮಾಡಿ. ಆಗ ಕಿಟ್ ತಾನೇ ಎಂಜಿನ್ ನಿಲ್ಲಿಸುತ್ತದೆ. ಕ್ಲಚ್ ಮೇಲೆ ಯಾರ ಕಾಲೂ ಇಲ್ಲದೆ ಎಂಜಿನ್ ಓಡಿದೆ ಎಂದರೆ ಗೇರ್ ನ್ಯೂಟ್ರಲ್‌ನಲ್ಲೇ ಇತ್ತು ಎಂದಾಯಿತು. ಆಮೇಲೆ ಬಾಗಿಲೋ ಬಾನೆಟ್ಟೋ ಒಮ್ಮೆ ತೆರೆದರೆ ಆ ಖಾತ್ರಿ ಹೋಯಿತು, ರೆಡಿ ಮೋಡ್ ರದ್ದಾಗುತ್ತದೆ, ರಿಮೋಟ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ. ತೋಟದ ಡ್ರೈವರೋ ರೈಟರೋ (ತೋಟದ ಗುಮಾಸ್ತ) ಅಭ್ಯಾಸದಂತೆ ಗೇರಿನಲ್ಲಿ ಬಿಟ್ಟುಹೋದರೂ ರಿಮೋಟ್ ಕೆಲಸ ಮಾಡದಿರುವುದು ಇದರಿಂದಲೇ.

ಇದು ಹಿಡಿಯಲಾಗದ ಎರಡು ಸಂದರ್ಭಗಳಿವೆ. ಬಾಗಿಲು ಮುಚ್ಚಿದ ಗಾಡಿಯೊಳಗೆ ಯಾರಾದರೂ ಕೂತಿದ್ದು ಗೇರ್ ಹಾಕುವುದು ಒಂದು, ತೆರೆದ ಕಿಟಕಿಯಿಂದ ಕೈಹಾಕಿ ಲಿವರ್ ತಳ್ಳುವುದು ಇನ್ನೊಂದು. ಒಳಗೆ ಮಕ್ಕಳನ್ನು ಬಿಟ್ಟು ಎಂದೂ ರೆಡಿ ಮೋಡ್ ಹಾಕಬೇಡಿ, ಕಿಟಕಿಗಳನ್ನು ಪೂರ್ತಿ ಏರಿಸಿ. ಐದನೇ ಹಂತದ ರೀಡ್ ಸ್ವಿಚ್ ಅಷ್ಟು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ.

9. ಪರೀಕ್ಷೆ

ಸಮತಟ್ಟು ನೆಲ, ನಾಲ್ಕೂ ಚಕ್ರಕ್ಕೆ ಕಲ್ಲು, ಗಾಡಿಯ ಮುಂದೆ ಹಿಂದೆ ಯಾರೂ ಇರಬಾರದು. ಎಲ್ಲ ಪರೀಕ್ಷೆಗೂ ಗೇರ್ ನ್ಯೂಟ್ರಲ್‌ನಲ್ಲೇ ಇರಲಿ. ಗೇರಿನಲ್ಲಿಟ್ಟು ‘ನೋಡೋಣ’ ಎಂದು ಒತ್ತಬೇಡಿ, ಅದನ್ನು ಮೀಟರಿನಲ್ಲೇ ನೋಡಿಯಾಗಿದೆ.

ಮೊದಲು ಕೀಯಿಂದ ಎಂಜಿನ್ ನಿಲ್ಲಿಸಿ ರಿಮೋಟ್ ಒತ್ತಿ: ಸೆಲ್ಫ್ ಹೊಡೆಯಬಾರದು. ರೆಡಿ ಮೋಡ್ ಹಾಕಿ ಒತ್ತಿ: ಸ್ಟಾರ್ಟ್ ಆಗಬೇಕು. ಓಡುತ್ತಿರುವಾಗ ಬಾನೆಟ್ ಎತ್ತಿ: ನಿಲ್ಲಬೇಕು. ಪ್ರತಿ ಬಾಗಿಲಿಗೂ ಹೊಸದಾಗಿ ರೆಡಿ ಮೋಡ್ ಹಾಕಿ, ಒಂದೊಂದೇ ಬಾಗಿಲು ತೆರೆದು ಮುಚ್ಚಿ ಒತ್ತುತ್ತಾ ಬನ್ನಿ: ಐದರಲ್ಲಿ ಯಾವುದನ್ನು ತೆರೆದರೂ ಸ್ಟಾರ್ಟ್ ಆಗಬಾರದು. ಫುಟ್ ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ಪರೀಕ್ಷೆಗೆ ಒಬ್ಬರು ಒಳಗೇ ಕೂತಿರಬೇಕು, ಇದೊಂದು ಸಲಕ್ಕೆ ಮಾತ್ರ. ರಿಮೋಟ್‌ನಲ್ಲಿ ಓಡುತ್ತಿರುವಾಗ ಕೀ ಹಾಕದೆ ಫುಟ್ ಬ್ರೇಕ್ ತುಳಿದರೆ ಎಂಜಿನ್ ನಿಲ್ಲಬೇಕು, ಹ್ಯಾಂಡ್ ಬ್ರೇಕ್ ಇಳಿಸಿದರೂ ನಿಲ್ಲಬೇಕು. ಒಂದೇ ಒಂದು ತಪ್ಪಿದರೂ ಕಿಟ್‌ನ ಫ್ಯೂಸ್ ತೆಗೆದಿಟ್ಟು ವೈರ್ ಹುಡುಕಿ. ಮುಂದೆಯೂ ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲೆ ತಪ್ಪದೆ, ಬಾಗಿಲು ಮತ್ತು ಬಾನೆಟ್ ಪರೀಕ್ಷೆ ಮಾಡಿ. ಇಲಿ ಕಡಿದ ವೈರ್ ಹೊರಗಿನಿಂದ ಕಾಣುವುದಿಲ್ಲ.

ದಿನದ ಬಳಕೆಗೆ

ಓಡುವ ಅವಧಿಯನ್ನು 5 ನಿಮಿಷಕ್ಕೆ ಸೆಟ್ ಮಾಡಿ. ಬಿಎಸ್-6 ಡೀಸೆಲ್ ಆದರೆ 3 ಸಾಕು, ಹೆಚ್ಚು ಹೊತ್ತು ಐಡಲ್‌ನಲ್ಲಿ ಓಡಿಸಿದರೆ ಸೈಲೆನ್ಸರ್ ದಾರಿಯ ಹೊಗೆ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಎಂದೂ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಕಿಟಕಿಯಿಂದ ಮಲಗುವ ಕೋಣೆಗೆ ಬಂದರೆ ಜೀವ ಹೋಗುತ್ತದೆ. ಗಾಡಿ ನಿಲ್ಲುವುದು ಕಣದಲ್ಲಾದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ರಿಮೋಟ್ ಬೇಡ. ಬೆಳಗ್ಗೆ ಅಲ್ಲಿ ಕಾಫಿ ಹರಡುವವರು, ಆಡುವ ಮಕ್ಕಳು ಇರುತ್ತಾರೆ.

ಗಾಡಿಯೊಳಗೆ ಕೂತ ಮೇಲೆ ಕೀ ಹಾಕಿ ಆನ್‌ವರೆಗೆ ಮಾತ್ರ ತಿರುಗಿಸಿ, ಸೆಲ್ಫ್‌ವರೆಗೆ ಬೇಡ. ಆಮೇಲೆ ಫುಟ್ ಬ್ರೇಕ್ ತುಳಿದರೆ ಕಿಟ್ ಪಕ್ಕಕ್ಕೆ ಸರಿದು ಎಂಜಿನ್ ಕೀಯ ಕೈಗೆ ಬರುತ್ತದೆ.

ಕೊನೆಯದಾಗಿ ಆ ಟಾಗಲ್ ಸ್ವಿಚ್. ಅದನ್ನು ಕಿಟ್ ಪೂರ್ತಿ ಬಂದ್ ಮಾಡುವ ವೈರಿಗೆ ಸೇರಿಸಿ, ಸ್ಟಿಯರಿಂಗ್ ಕೆಳಗೆ ಕೈಗೆ ಎಟಕುವಲ್ಲಿ ಕೂರಿಸಿ. ಗಾಡಿ ಸರ್ವಿಸ್‌ಗೆ ಕೊಡುವಾಗ, ಬೇರೆಯವರ ಕೈಗೆ ಕೊಡುವಾಗ, ಇಳಿಜಾರಿನಲ್ಲಿ ನಿಲ್ಲಿಸುವಾಗ ಇದನ್ನು ಆಫ್ ಮಾಡಿ. ಬಾನೆಟ್ ಒಳಗೆ ಬ್ಯಾಟರಿ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ: “ಈ ಗಾಡಿಗೆ ರಿಮೋಟ್ ಸ್ಟಾರ್ಟರ್ ಇದೆ. ಕೈಹಾಕುವ ಮೊದಲು ಸ್ಟಿಯರಿಂಗ್ ಕೆಳಗಿನ ಸ್ವಿಚ್ ಆಫ್ ಮಾಡಿ.” ಫ್ಯಾನ್ ಬೆಲ್ಟಿನ ಹತ್ತಿರ ಬೆರಳಿಟ್ಟ ಮೆಕ್ಯಾನಿಕ್‌ಗೆ ಅದು ಕಾಣಲೇಬೇಕು.